ಗೆದ್ದ ಕಾಲನ್ನು ತಿದ್ದುವುದು

ಚಾಮರಾಜನಗರದಲ್ಲಾಗಲಿ ಗುಂಡ್ಲುಪೇಟೆಯಲ್ಲಾಗಲಿ, ಸಂಜೆ ಶಾಲೆ ಬಿಟ್ಟ ಮೇಲೆ ಹುಡುಗರು ಫುಟ್‌ಬಾಲ್ ಆಡುವುದನ್ನು ಸ್ವಲ್ಪ ನಿಂತು ನೋಡಿ. ಚೆಂಡು ಎಲ್ಲಿದೆಯೋ ಅಲ್ಲಿ ಎರಡೂ ಕಡೆಯವರು ಬೆಲ್ಲಕ್ಕೆ ಮುತ್ತಿದ ಇರುವೆಗಳಂತೆ ಸೇರಿರುತ್ತಾರೆ. ಸಿಕ್ಕವನು ಬಲವಾಗಿ ಒದೆಯುತ್ತಾನೆ, ಉಳಿದವರು ಹಿಂದೆ ಓಡುತ್ತಾರೆ. ಯಾರ ಕಾಲು ಗಟ್ಟಿಯೋ ಅವರದೇ ಗೆಲುವು. ಇಂಥ ಆಟದಲ್ಲಿ ಗೆಲ್ಲುತ್ತಿರುವ ತಂಡಕ್ಕೆ ಹೊಸ ಡ್ರಿಲ್ ಮೇಷ್ಟ್ರು ಬಂದು, ‘ಇನ್ನು ಮೇಲೆ ಸುಮ್ಮನೆ ಒದೆಯಬೇಡಿ, ಪಕ್ಕದವನಿಗೆ ಕೊಡಿ’ ಎಂದರೆ ಏನಾಗುತ್ತದೆ?

ಇದೇ ಪ್ರಶ್ನೆ 2016ರಲ್ಲಿ ಬೆಂಗಳೂರು ಎಫ್‌ಸಿ ತಂಡದ ಎದುರು ನಿಂತಿತ್ತು. 2013ರಲ್ಲಿ ಹುಟ್ಟಿದ ಆ ಕ್ಲಬ್, ಇಂಗ್ಲೆಂಡಿನ ಆಶ್ಲೆ ವೆಸ್ಟ್‌ವುಡ್ ಅವರ ಗರಡಿಯಲ್ಲಿ ಮೂರು ಋತುಗಳಲ್ಲಿ ಎರಡು ಬಾರಿ ಐ-ಲೀಗ್ ಗೆದ್ದಿತ್ತು. ದೇಹಬಲ, ಶಿಸ್ತು, ಚೆಂಡನ್ನು ನೇರವಾಗಿ ಮುಂದಕ್ಕೆ ಸಾಗಿಸುವ ಆಟ ಅವರದು. ಅವರು ಹೋದ ಮೇಲೆ ಜುಲೈನಲ್ಲಿ ಬಂದವರು ಸ್ಪೇನಿನ ಆಲ್ಬರ್ಟ್ ರೋಕಾ. ಬಾರ್ಸಿಲೋನಾದಲ್ಲಿ ಫ್ರಾಂಕ್ ರೈಕಾರ್ಡ್ ಅವರಿಗೆ ಸಹಾಯಕರಾಗಿದ್ದವರು. ಚೆಂಡು ನಮ್ಮ ಬಳಿಯೇ ಇರಲಿ, ಗೋಲ್‌ಕೀಪರ್‌ನಿಂದಲೇ ಸಣ್ಣ ಪಾಸುಗಳಲ್ಲಿ ಆಟ ಕಟ್ಟಿಕೊಂಡು ಹೋಗೋಣ ಎಂಬುದು ಅವರ ಪಾಠ.

ಈ ಪಾಠದ ಹಿಂದೆ ಹೈಸ್ಕೂಲಿನ ಲೆಕ್ಕವಿದೆ. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ತಳ್ಳಿದ ಚೆಂಡು, ಹುಲ್ಲಿನ ಘರ್ಷಣೆಯನ್ನು ಬಿಟ್ಟರೆ, 30 ಮೀಟರನ್ನು ಎರಡೇ ಸೆಕೆಂಡಿನಲ್ಲಿ ದಾಟುತ್ತದೆ. ಒಳ್ಳೆಯ ಓಟಗಾರ ಹುಡುಗನಿಗೂ ಅಷ್ಟಕ್ಕೆ ನಾಲ್ಕು ಸೆಕೆಂಡಿಗೂ ಹೆಚ್ಚು ಬೇಕು. ಅಂದಮೇಲೆ ಓಡಬೇಕಾದ್ದು ಚೆಂಡು, ಆಟಗಾರನಲ್ಲ. ಇನ್ನು ರೇಖಾಗಣಿತ: ಚೆಂಡಿದ್ದವನ ಎದುರು ಇಬ್ಬರು ಗೆಳೆಯರು ಒಂದೇ ಸಾಲಿನಲ್ಲಿ ನಿಂತರೆ ಒಬ್ಬ ಎದುರಾಳಿ ಇಬ್ಬರ ದಾರಿಯನ್ನೂ ಕಟ್ಟಬಲ್ಲ. ಮೂವರೂ ತ್ರಿಕೋನವಾಗಿ ನಿಂತರೆ ಎರಡು ದಾರಿಗಳು ತೆರೆಯುತ್ತವೆ, ಕಟ್ಟಲು ಇಬ್ಬರು ಬೇಕು.

ಲೆಕ್ಕ ಸುಲಭ, ಕಾಲಿಗೆ ಕಲಿಸುವುದು ಕಷ್ಟ. ವರ್ಷಗಟ್ಟಲೆ ರೂಢಿಯಾದ ಒದೆತಕ್ಕೆ ಆಲೋಚನೆ ಬೇಕಿಲ್ಲ. ಸೈಕಲ್ ತುಳಿದಂತೆ ತಾನಾಗಿ ಬರುತ್ತದೆ. ಹೊಸ ಪದ್ಧತಿಯಲ್ಲಿ ಪ್ರತಿ ಸಲವೂ ‘ಯಾರಿಗೆ ಕೊಡಲಿ?’ ಎಂದು ಯೋಚಿಸಬೇಕು. ಸೆಕೆಂಡಿನ ಐದನೇ ಒಂದು ಭಾಗ ತಡೆದರೂ ಸಾಕು, ಅದೇ ವೇಗದ ಚೆಂಡು ಮೂರು ಮೀಟರ್ ಹೋಗಿಬಿಟ್ಟಿರುತ್ತದೆ. ಆದ್ದರಿಂದ ಹೊಸದನ್ನು ಕಲಿಯುವ ತಂಡ ಕೆಲಕಾಲ ಹಳೆಯದಕ್ಕಿಂತ ಕೆಟ್ಟದಾಗಿ ಆಡಿದರೆ ಆಶ್ಚರ್ಯವಿಲ್ಲ.

ಬೆಂಗಳೂರಿನ ಅನುಭವ ಎರಡೂ ಬಗೆಯದು. 2016ರ ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದಲ್ಲಿ ಎಎಫ್‌ಸಿ ಕಪ್‌ನ ಹಿಂದಿನ ಚಾಂಪಿಯನ್, ಮಲೇಷ್ಯಾದ ಜೊಹೊರ್ ತಂಡವನ್ನು 3-1ರಿಂದ ಸೋಲಿಸಿತು. ಸುನಿಲ್ ಛೆಟ್ರಿ ಎರಡು ಗೋಲು ಹೊಡೆದರು. ಭಾರತದ ಕ್ಲಬ್ಬೊಂದು ಆ ಕಪ್‌ನ ಫೈನಲ್ ತಲುಪಿದ್ದು ಅದೇ ಮೊದಲು. ದೋಹಾದಲ್ಲಿ ಇರಾಕಿನ ಏರ್ ಫೋರ್ಸ್ ತಂಡಕ್ಕೆ 0-1ರಿಂದ ಸೋತಿತು. ಮುಂದಿನ ಐ-ಲೀಗ್‌ನಲ್ಲಿ, ಹಾಲಿ ಚಾಂಪಿಯನ್ನರಾಗಿದ್ದವರು ನಾಲ್ಕನೆಯ ಸ್ಥಾನಕ್ಕೆ ಇಳಿದರು. ಕೋಚ್ ಬದಲಿಸಲು ಅಷ್ಟು ಸಾಕಿತ್ತು. ಕ್ಲಬ್ ಬದಲಿಸಲಿಲ್ಲ. ಅದೇ ಋತುವಿನ ಕೊನೆಗೆ ಫೆಡರೇಷನ್ ಕಪ್ ಬಂತು. 2017-18ರ ಇಂಡಿಯನ್ ಸೂಪರ್ ಲೀಗ್‌ನಲ್ಲಿ ತಂಡ 18 ಪಂದ್ಯಗಳಿಂದ 40 ಅಂಕ ಗಳಿಸಿ ಪಟ್ಟಿಯ ತುದಿಗೇರಿತು; ಫೈನಲ್ ಮಾತ್ರ ಚೆನ್ನೈಯಿನ್‌ಗೆ ಹೋಯಿತು. 2019ರಲ್ಲಿ, ರೋಕಾ ಅವರ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾದ್ರತ್ ಅವರ ಕೈಯಲ್ಲಿ ಆ ಕಪ್ಪೂ ದಕ್ಕಿತು. ಬಿತ್ತಿದವರೊಬ್ಬರು, ಕೊಯ್ದವರು ಇನ್ನೊಬ್ಬರು.

ದುಡ್ಡಿದ್ದ ಕ್ಲಬ್ಬಿಗೆ ಕಾಯಲು ಸಾಧ್ಯವಾಯಿತು ಎನ್ನಬಹುದು. ತಾಲ್ಲೂಕು ಮಟ್ಟದ ಪಂದ್ಯಾವಳಿಗೆ ತಂಡ ಕಟ್ಟುವ ಮೇಷ್ಟ್ರಿಗೆ ಆ ಭಾಗ್ಯ ಕಡಿಮೆ. ಮೊದಲ ಸುತ್ತಿನಲ್ಲೇ ಸೋತು ಬಂದರೆ ‘ಚೆನ್ನಾಗಿ ಆಡುತ್ತಿದ್ದ ಮಕ್ಕಳನ್ನು ಕೆಡಿಸಿದರು’ ಎಂಬ ಮಾತು ಮೈದಾನದ ಬೇಲಿಯಾಚೆಯಿಂದಲೇ ಕೇಳಿಬರುತ್ತದೆ. ಹತ್ತನೇ ಇಯತ್ತೆಯ ಹುಡುಗನಿಗಂತೂ ಅದೇ ಶಾಲೆಯ ಕೊನೆಯ ವರ್ಷ. ಮುಂದಿನ ಸಲದ ಫಲ ಅವನಿಗೆ ಸಿಗದು.

ಆದರೂ ಆ ಹುಡುಗ ಒಂದನ್ನು ಪಡೆದಿರುತ್ತಾನೆ. ತಲೆಯೆತ್ತಿ ಪಕ್ಕದವನು ಎಲ್ಲಿದ್ದಾನೆಂದು ನೋಡುವುದನ್ನು ಕಲಿತಿರುತ್ತಾನೆ. ಸೋತ ವರ್ಷದ ಅಂಕಪಟ್ಟಿಯಲ್ಲಿ ಅದಕ್ಕೆ ಕಾಲಂ ಇರುವುದಿಲ್ಲ. ಬೇಲಿಯಾಚೆ ನಿಂತವರು ಅದನ್ನೂ ಎಣಿಸಿದರೆ, ಮೇಷ್ಟ್ರಿಗೆ ಇನ್ನೊಂದು ವರ್ಷ ಸಿಕ್ಕೀತು.