ನೆರೆಮನೆಯ ಲೆಕ್ಕವೂ ವಿದ್ಯುತ್ತಿನ ಮಿತವ್ಯಯವೂ

ವಿದ್ಯುಚ್ಛಕ್ತಿಯನ್ನು ಮಿತವಾಗಿ ಬಳಸಬೇಕೆಂಬ ಬೋಧೆ ಹೊಸದೇನಲ್ಲ. ಆದರೂ ಬೋಧೆಯೊಂದರಿಂದಲೇ ಮೀಟರಿನ ಓಟ ತಗ್ಗುವುದು ಅಪರೂಪ. ಹಾಗಾದರೆ ಮನುಷ್ಯನ ಅಭ್ಯಾಸವನ್ನು ಬದಲಿಸುವುದು ಯಾವುದು? ಈ ಪ್ರಶ್ನೆಗೆ ಪ್ರಯೋಗದಿಂದಲೇ ಉತ್ತರ ದೊರೆತಿದೆ.

ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಯಾನ್ ಮಾರ್ಕೋಸ್ ಪಟ್ಟಣದಲ್ಲಿ ಮನಶ್ಶಾಸ್ತ್ರಜ್ಞರು ಮನೆಗಳ ಬಾಗಿಲಿಗೆ ಚೀಟಿಗಳನ್ನು ತೂಗಹಾಕಿಸಿದರು. ಕೆಲವು ಚೀಟಿಗಳು ಹಣದ ಉಳಿತಾಯವನ್ನೂ, ಕೆಲವು ಪರಿಸರದ ರಕ್ಷಣೆಯನ್ನೂ, ಕೆಲವು ಸಮಾಜದ ಹಿತವನ್ನೂ ಹೇಳಿದುವು. ಉಳಿದವು, ನೆರೆಹೊರೆಯವರಲ್ಲಿ ಬಹುಮಂದಿ ಮಿತವ್ಯಯ ಮಾಡುತ್ತಿರುವರೆಂದು ತಿಳಿಸಿದುವು. 2008ರಲ್ಲಿ ಪ್ರಕಟವಾದ ಫಲಿತಾಂಶದಂತೆ ಈ ಕೊನೆಯ ಚೀಟಿಯೇ ಹೆಚ್ಚು ಫಲಕಾರಿಯಾಯಿತು.

ಆದರೆ ಇದರಲ್ಲಿ ಒಂದು ತೊಡಕೂ ಉಂಟು. ಅದೇ ಪಟ್ಟಣದ ಇನ್ನೊಂದು ಪ್ರಯೋಗದಲ್ಲಿ (2007) ಪ್ರತಿ ಮನೆಗೂ ಅದರ ಬಳಕೆಯನ್ನೂ ನೆರೆಹೊರೆಯ ಸರಾಸರಿಯನ್ನೂ ತಿಳಿಸಲಾಯಿತು. ಹೆಚ್ಚು ಬಳಸುತ್ತಿದ್ದವರು ಕಡಿಮೆ ಮಾಡಿದರು. ಕಡಿಮೆ ಬಳಸುತ್ತಿದ್ದವರು ಹೆಚ್ಚು ಮಾಡಿದರು! ಮಿತವ್ಯಯಿಗಳ ಚೀಟಿಯಲ್ಲಿ ಒಂದು ನಗುಮೊಗವನ್ನು ಬರೆದಾಗ ಈ ಜಾರುವಿಕೆ ನಿಂತಿತು. ಮೆಚ್ಚುಗೆಯ ಬಲ ಅಷ್ಟರದು.

ಓಪವರ್ ಎಂಬ ಕಂಪನಿ ಈ ತತ್ತ್ವವನ್ನೇ ದೊಡ್ಡ ಪ್ರಮಾಣದಲ್ಲಿ ಅನುಸರಿಸಿತು. ಸುಮಾರು 6 ಲಕ್ಷ ಮನೆಗಳನ್ನು ಒಳಗೊಂಡ ಅದರ ಕಾರ್ಯಕ್ರಮಗಳನ್ನು ಪರೀಕ್ಷಿಸಿ ಅರ್ಥಶಾಸ್ತ್ರಜ್ಞ ಹಂಟ್ ಆಲ್ಕಾಟ್ 2011ರಲ್ಲಿ ಪ್ರಕಟಿಸಿದಂತೆ ಬಳಕೆ ಸರಾಸರಿ ಶೇಕಡ 2ರಷ್ಟು ತಗ್ಗಿತ್ತು. ಇದು ಅಲ್ಪವೆಂದು ನಗಬಾರದು. ತಿಂಗಳಿಗೆ 100 ಯೂನಿಟ್ ಬಳಸುವ ಒಂದು ಲಕ್ಷ ಮನೆಗಳಲ್ಲಿ ಇದು 2 ಲಕ್ಷ ಯೂನಿಟ್ಟಿನ ಉಳಿತಾಯ. ಅದೂ ಹೊಸ ಯಂತ್ರವೊಂದನ್ನೂ ಕೊಳ್ಳದೆ.

ನಮ್ಮಲ್ಲಿಯೂ ವಿದ್ಯುತ್ತಿನ ಬಿಲ್ಲನ್ನು ಈಗ ಅಂತರಜಾಲದಲ್ಲಿ, ಮೊಬೈಲಿನಲ್ಲಿ ನೋಡಬಹುದಷ್ಟೆ. ಅದರಲ್ಲಿ ಬಡಾವಣೆಯ ಸರಾಸರಿಯನ್ನು ಸೇರಿಸುವುದು ಕಷ್ಟವಾಗಲಾರದು. ಸೇರಿಸಬೇಕೆಂಬುದೇ ನನ್ನ ಅಭಿಪ್ರಾಯ. ಆದರೆ ಹೋಲಿಕೆ ನ್ಯಾಯವಾಗಿರಬೇಕು. ಎಂಟು ಜನರ ಮನೆಯನ್ನು ಇಬ್ಬರ ಮನೆಯೊಡನೆ ತೂಗುವುದು ಸಲ್ಲದು. ಯಾರ ಲೆಕ್ಕವೂ ಹೆಸರು ಸಹಿತ ಇನ್ನೊಬ್ಬರ ಕಣ್ಣಿಗೆ ಬೀಳಬಾರದು. ಬಿದ್ದರೆ ಪ್ರೋತ್ಸಾಹ ಹೋಗಿ ಅವಮಾನ ಉಳಿಯುತ್ತದೆ.

ವಿದ್ಯಾರ್ಥಿಗಳು ಇದಕ್ಕಾಗಿ ಕಾದು ಕುಳಿತಿರಬೇಕಾಗಿಲ್ಲ. ನಿಮ್ಮ ತರಗತಿಯವರೆಲ್ಲರೂ ಒಂದು ತಿಂಗಳ ಯೂನಿಟ್ಟುಗಳನ್ನು ಮನೆಯ ಜನಸಂಖ್ಯೆಯಿಂದ ಭಾಗಿಸಿ, ಹೆಸರಿಲ್ಲದ ಚೀಟಿಗಳಲ್ಲಿ ಬರೆದು ಸರಾಸರಿ ತೆಗೆಯಿರಿ. ನಿಮ್ಮ ಮನೆ ಎಲ್ಲಿ ನಿಲ್ಲುವುದೆಂಬುದನ್ನು ಆ ಅಂಕಿಯೇ ಹೇಳುವುದು. ಹಿರಿಯರಿಗೆ ಉಪದೇಶ ಹೇಳುವುದಕ್ಕಿಂತ ಆ ಅಂಕಿಯನ್ನು ತೋರಿಸುವುದು ಮೇಲು.