‘ದೋಣಿ ಇದೆ, ಜನ ಬೇಕು’: ಮಳೆಗಾಲದ ಈ ಫಾರ್ವರ್ಡ್ ಕಳಿಸುವ ಮುನ್ನ ತಿಳಿಯಬೇಕಾದ್ದು

‘ಅರ್ಜೆಂಟ್! ಹೊಳೆ ಬಂದಿದೆ. ದೋಣಿ ಇದೆ, ಈಜು ಬರುವವರು ತಕ್ಷಣ ಬನ್ನಿ. ಎಲ್ಲ ಗ್ರೂಪ್‌ಗೂ ಕಳಿಸಿ.’

ಮಳೆಗಾಲದಲ್ಲಿ ಇಂಥ ಸಂದೇಶ ನಿಮ್ಮ ಫೋನಿಗೂ ಬಂದಿರಬಹುದು. ಓದಿದ ಕೂಡಲೇ ಮನಸ್ಸು ಕರಗುತ್ತದೆ, ಬೆರಳು ತಾನಾಗಿ ಫಾರ್ವರ್ಡ್ ಗುಂಡಿಯ ಮೇಲೆ ಹೋಗುತ್ತದೆ. ಒಳ್ಳೆಯದಾಗಲಿ ಎಂದೇ ಕಳಿಸುತ್ತೇವೆ. ಆದರೆ ಆ ಸಂದೇಶದಲ್ಲಿ ದಿನಾಂಕವಿಲ್ಲ, ಊರಿನ ಹೆಸರಿಲ್ಲ, ದೋಣಿ ಎಂಥದ್ದು, ನಡೆಸುವವರು ಯಾರು ಎಂಬುದೂ ಇಲ್ಲ. ದೋಣಿಗೆ ಜನ ಸಿಕ್ಕರೆ ಸಾಕು ಎಂಬ ನಂಬಿಕೆ ಅದರ ಹಿಂದಿದೆ. ಈ ನಂಬಿಕೆ ಎಷ್ಟು ಸರಿ? ನೋಡೋಣ.

ಇದು ನಮಗೆ ದೂರದ ಮಾತಲ್ಲ. ಕೆಆರ್‌ಎಸ್‌ನಿಂದ ಬಿಟ್ಟ ನೀರಿಗೆ ತಿ. ನರಸೀಪುರದಲ್ಲಿ ಕಬಿನಿ ಸೇರುತ್ತದೆ. ಎರಡೂ ಒಟ್ಟಾಗಿ ಕೊಳ್ಳೇಗಾಲದ ಕಡೆಗೆ ಬರುತ್ತವೆ. 2018 ಮತ್ತು 2019ರ ಮಳೆಗಾಲದಲ್ಲಿ ದಾಸನಪುರ, ಹಳೇ ಹಂಪಾಪುರ, ಮುಳ್ಳೂರು, ಹಳೇ ಅಣಗಳ್ಳಿಯಂಥ ಊರುಗಳ ಜನ ಮನೆ ಬಿಟ್ಟು ಹೊರಡಬೇಕಾಯಿತು. 2022ರಲ್ಲಿ ಸುವರ್ಣಾವತಿ ಉಕ್ಕಿ ಯಳಂದೂರು ತಾಲ್ಲೂಕಿನ ಹೊಲ, ರಸ್ತೆಗಳಿಗೆ ನೀರು ನುಗ್ಗಿತು. ಹನೂರಿನ ಹಳ್ಳಗಳು ಬೆಟ್ಟದಲ್ಲಿ ಜೋರು ಮಳೆಯಾದರೆ ನೋಡನೋಡುತ್ತಲೇ ತುಂಬುತ್ತವೆ. ಹಾಗಾಗಿ ದೋಣಿಗೆ ಯಾರು ಹತ್ತಬೇಕು ಎಂಬುದು ಇಲ್ಲಿ ಪ್ರಾಣದ ಪ್ರಶ್ನೆ.

ಪಂದ್ಯದ ದೋಣಿಯವರು ಜೊತೆಗಾರರನ್ನು ಹೇಗೆ ಹುಡುಕುತ್ತಾರೆ?

ದೋಣಿ ನಡೆಸುವವರಿಗೆ ತಕ್ಕ ಜೊತೆಗಾರರನ್ನು ಕೂಡಿಸುವ ಕೆಲಸವನ್ನು ಬಹಳ ಲೆಕ್ಕಾಚಾರದಿಂದ ಮಾಡುವವರು ಹಾಯಿದೋಣಿ ಪಂದ್ಯದವರು. ಮೊದಲು ಅವರ ಲೆಕ್ಕ ನೋಡಿದರೆ ನಮ್ಮ ಹೊಳೆಯ ಲೆಕ್ಕವೂ ಸುಲಭವಾಗಿ ಅರ್ಥವಾಗುತ್ತದೆ.

ಹಾಯಿದೋಣಿ ಕ್ಲಬ್‌ಗಳಲ್ಲಿ ಕೆಲವರ ಬಳಿ ದೋಣಿ ಇರುತ್ತದೆ, ಜೊತೆಗಾರರಿರುವುದಿಲ್ಲ. ಇನ್ನು ಕೆಲವರಿಗೆ ದೋಣಿ ಹತ್ತುವ ಆಸೆ ಇರುತ್ತದೆ, ದೋಣಿ ಇರುವುದಿಲ್ಲ. ದೋಣಿಯ ಹೊಣೆ ಹೊತ್ತವರನ್ನು ಸ್ಕಿಪ್ಪರ್ ಎನ್ನುತ್ತಾರೆ, ಜೊತೆಗಾರರನ್ನು ಕ್ರೂ ಎನ್ನುತ್ತಾರೆ. ಇವರಿಬ್ಬರನ್ನು ಕೂಡಿಸಲು ಒಂದು ಪಟ್ಟಿ ಮಾಡಿಕೊಳ್ಳುವುದು ವಾಡಿಕೆ. ನಿಮ್ಮ ತೂಕ ಎಷ್ಟು? ಹಿಂದೆ ಯಾವ ದೋಣಿ ಹತ್ತಿದ್ದೀರಿ? ದೋಣಿಯಲ್ಲಿ ಯಾವ ಕೆಲಸ ಗೊತ್ತು? ಯಾವ ದಿನ ಬರಬಲ್ಲಿರಿ? ಅಲ್ಲಿ ಕೇಳುವುದು ಇಂಥ ಪ್ರಶ್ನೆಗಳನ್ನು.

ತೂಕ ಏಕೆ? ಗಾಳಿ ಹಾಯಿಯನ್ನು ತಳ್ಳಿದಾಗ ದೋಣಿ ಒಂದು ಕಡೆಗೆ ವಾಲುತ್ತದೆ. ಜೊತೆಗಾರರು ಗಾಳಿ ಬರುವ ಕಡೆಯ ಅಂಚಿನಿಂದ ಹೊರಕ್ಕೆ ಬಾಗಿ ಅದನ್ನು ಸರಿದೂಗಿಸುತ್ತಾರೆ. ಮಕ್ಕಳ ಏತದಾಟದ ಲೆಕ್ಕವೇ ಇದು. 90 ಕೆ.ಜಿ.ಯವರು ನಡುವಿನಿಂದ 1 ಮೀಟರ್ ದೂರ ಕೂತರೆ ಎಷ್ಟು ಸಮತೋಲ ಸಿಗುತ್ತದೋ, 60 ಕೆ.ಜಿ.ಯವರು ಒಂದೂವರೆ ಮೀಟರ್ ದೂರ ಹೋದರೆ ಅಷ್ಟೇ ಸಿಗುತ್ತದೆ. ಅಂದರೆ ಯಾರು ಎಷ್ಟು ಬಲಶಾಲಿ ಎನ್ನುವುದಕ್ಕಿಂತ, ಯಾರು ಎಲ್ಲಿ, ಯಾವಾಗ ಕೂರುತ್ತಾರೆ ಎನ್ನುವುದು ಮುಖ್ಯ.

ಕೊಡಗು ಮೂಲದ ಕುಟುಂಬದ ಕೆ.ಸಿ. ಗಣಪತಿ ಮತ್ತು ವರುಣ್ ಠಕ್ಕರ್ ಜೋಡಿ 2018ರ ಏಷ್ಯನ್ ಗೇಮ್ಸ್‌ನಲ್ಲಿ ‘49ಇಆರ್’ ಎಂಬ ಇಬ್ಬರ ಹಾಯಿದೋಣಿಯಲ್ಲಿ ಕಂಚು ಗೆದ್ದಿತು. ಟೋಕಿಯೊ ಒಲಿಂಪಿಕ್ಸ್‌ಗೂ ಹೋಯಿತು. ಆ ದೋಣಿಯಲ್ಲಿ ಇಬ್ಬರೂ ತಂತಿಗೆ ಸೊಂಟ ಕಟ್ಟಿಕೊಂಡು ದೋಣಿಯ ಹೊರಗೆ ನಿಲ್ಲುತ್ತಾರೆ. ಒಬ್ಬರ ಹೆಜ್ಜೆ ತಪ್ಪಿದರೆ ಇಬ್ಬರೂ ನೀರಿಗೆ. ಹೀಗಾಗಿ ಅಲ್ಲಿ ಜೊತೆಗಾರ ಎಂದರೆ ಬರೀ ತಲೆ ಎಣಿಕೆಯಲ್ಲ.

ನಮ್ಮ ತೆಪ್ಪಕ್ಕೂ ಇದೇ ಲೆಕ್ಕ

ಕಾವೇರಿಯಲ್ಲಿ ನಮಗೆ ಪರಿಚಯವಿರುವುದು ಹಾಯಿದೋಣಿಯಲ್ಲ, ಹರಿಗೋಲು. ನಾವು ತೆಪ್ಪ ಎಂದೂ ಕರೆಯುತ್ತೇವೆ. ಹನೂರು ತಾಲ್ಲೂಕಿನ ಗೋಪಿನಾಥಂ ದಾಟಿ ಹೊಗೇನಕಲ್‌ಗೆ ಹೋದವರೆಲ್ಲ ಇದನ್ನು ಕಂಡಿರುತ್ತಾರೆ. ಬಿದಿರಿನ ಹೆಣಿಗೆ, ಅದರ ಮೇಲೆ ನೀರು ಒಳಬರದಂಥ ಹೊದಿಕೆ, ನಡೆಸಲು ಒಂದೇ ಹುಟ್ಟು.

ದುಂಡಗಿರುವುದರಿಂದ ತೆಪ್ಪಕ್ಕೆ ಮುಂದು ಹಿಂದು ಎಂಬುದಿಲ್ಲ. ಹುಟ್ಟು ಹಾಕುವುದು ಗೊತ್ತಿಲ್ಲದವರ ಕೈಗೆ ಕೊಟ್ಟರೆ ಅದು ಮುಂದೆ ಹೋಗದೆ ಬುಗುರಿಯಂತೆ ತಿರುಗುತ್ತದೆ. ಒಳ್ಳೆಯ ಈಜುಗಾರನಿಗೂ ಈ ವಿದ್ಯೆ ತಾನಾಗಿ ಬರುವುದಿಲ್ಲ.

ತೂಕದ ಲೆಕ್ಕವನ್ನು ನೀವೇ ಮಾಡಿ ನೋಡಬಹುದು. 2 ಮೀಟರ್ ಅಗಲದ, ಚಪ್ಪಟೆ ತಳದ ತೆಪ್ಪವೊಂದನ್ನು ಊಹಿಸಿಕೊಳ್ಳಿ. 60 ಕೆ.ಜಿ. ತೂಕದ ಒಬ್ಬರು ಹತ್ತಿದರೆ ಅದು ಸುಮಾರು 2 ಸೆಂಟಿಮೀಟರ್ ಕೆಳಗಿಳಿಯುತ್ತದೆ. ‘ಇನ್ನು ಐದು ಜನ ತಾನೆ’ ಎಂದು ಹತ್ತಿಸಿಕೊಂಡರೆ 10 ಸೆಂಟಿಮೀಟರ್ ಇಳಿಯಿತು. ನೀರಿಗೂ ಅಂಚಿಗೂ ನಡುವೆ ಉಳಿದಿರುವ ಅಂತರವೇ ನಮ್ಮ ಜೀವದ ಅಂತರ. ಅದರ ಮೇಲೆ ಒಬ್ಬರು ಫೋಟೊ ತೆಗೆಯಲು ಎದ್ದು ನಿಂತರೆ, ಎಲ್ಲರೂ ಒಂದೇ ಕಡೆ ವಾಲಿದರೆ, ಅಂಚು ನೀರಿಗೆ ಸೇರುತ್ತದೆ.

ಹೊಳೆ ಬಂದಾಗ ಲೆಕ್ಕ ಬದಲಾಗುತ್ತದೆ

ಸುದ್ದಿಯಲ್ಲಿ ‘ಒಂದು ಲಕ್ಷ ಕ್ಯುಸೆಕ್ ನೀರು ಬಿಡುಗಡೆ’ ಎಂದು ಓದುತ್ತೇವೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್. ಒಂದು ಲಕ್ಷ ಕ್ಯುಸೆಕ್ ಎಂದರೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರಿಗೂ ಹೆಚ್ಚು ನೀರು.

ಹರಿಯುವ ನೀರಿನ ಗುಣವೊಂದನ್ನು ನೆನಪಿಡಬೇಕು. ವೇಗ ಎರಡು ಪಟ್ಟಾದರೆ ಅದು ನಮ್ಮನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ವೇಗ ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು. ನೂರು ಮೀಟರನ್ನು ನೂರು ಸೆಕೆಂಡಿನಲ್ಲಿ ಈಜುವವರನ್ನು ನಾವು ಚೆನ್ನಾಗಿ ಈಜುವವರು ಎನ್ನುತ್ತೇವೆ. ಅವರ ವೇಗ ಸೆಕೆಂಡಿಗೆ 1 ಮೀಟರ್. ಹೊಳೆ ಸೆಕೆಂಡಿಗೆ 2 ಮೀಟರ್ ಓಡುತ್ತಿದ್ದರೆ ಅವರು ಎಷ್ಟೇ ಕೈಕಾಲು ಬಡಿದರೂ ಹಿಂದಕ್ಕೇ ಹೋಗುತ್ತಾರೆ. ಕೆರೆಯಲ್ಲಿ, ಬಾವಿಯಲ್ಲಿ ಕಲಿತ ಈಜು ಇಲ್ಲಿ ಸಾಲದು. ನೀರಿನೊಳಗೆ ಬೇಲಿಯ ತಂತಿ, ಮರದ ಕೊಂಬೆ, ವಿದ್ಯುತ್ ತಂತಿ ಇರಬಹುದು. ಅವು ಕಣ್ಣಿಗೆ ಕಾಣುವುದಿಲ್ಲ.

ಹೊಗೇನಕಲ್‌ನಲ್ಲಿ ನೀರಿನ ಹರಿವು ಹೆಚ್ಚಾದಾಗ ತೆಪ್ಪ ಓಡಿಸುವುದನ್ನು ನಿಲ್ಲಿಸುತ್ತಾರೆ. ದಿನವೂ ಅದೇ ನೀರಿನಲ್ಲಿ ಇರುವವರೇ ದಡದಲ್ಲಿ ನಿಂತಾಗ, ಫಾರ್ವರ್ಡ್ ನೋಡಿ ಬಂದವರು ನೀರಿಗಿಳಿಯುವುದು ಸರಿಯೇ?

ನಾವು ನಂಬಿರುವ ಕೆಲವು ಮಾತುಗಳು

*‘ಈಜು ಬಂದರೆ ಲೈಫ್ ಜಾಕೆಟ್ ಬೇಡ.’* ತಪ್ಪು. ತಲೆಗೆ ಪೆಟ್ಟು ಬಿದ್ದು ಎಚ್ಚರ ತಪ್ಪಿದರೆ ಈಜು ಮರೆತೇ ಹೋಗುತ್ತದೆ. ಜಾಕೆಟ್ ಆಗಲೂ ತೇಲಿಸುತ್ತದೆ. ದೋಣಿ ನಡೆಸುವವರಿಗೂ ಅದು ಬೇಕು.

*‘ಹೆಚ್ಚು ಜನ ಹೋದರೆ ಹೆಚ್ಚು ಜನರನ್ನು ತರಬಹುದು.’* ಇದು ಉಲ್ಟಾ. ಹೋಗುವಾಗಲೇ ದೋಣಿ ತುಂಬಿದ್ದರೆ ಬರುವಾಗ ಕೂರಿಸಿಕೊಳ್ಳಲು ಜಾಗ ಎಲ್ಲಿ? ನೆರೆಯಲ್ಲಿ ಸಿಕ್ಕಿಕೊಂಡವರಲ್ಲಿ ವಯಸ್ಸಾದವರು, ಬಸುರಿಯರು, ಮಕ್ಕಳು ಇರುತ್ತಾರೆ. ಅವರಿಗೆ ಜಾಗ ಬಿಟ್ಟೇ ಲೆಕ್ಕ ಹಾಕಬೇಕು.

*‘ಮುಳುಗುತ್ತಿದ್ದವರನ್ನು ಕಂಡರೆ ಧುಮುಕಬೇಕು.’* ಧೈರ್ಯ ದೊಡ್ಡದು, ಆದರೆ ಮುಳುಗುತ್ತಿರುವವರು ಗಾಬರಿಯಲ್ಲಿ ಕಾಪಾಡಲು ಬಂದವರನ್ನೇ ಅದುಮಿ ಹಿಡಿಯುತ್ತಾರೆ. ಜೀವರಕ್ಷಣೆ ಕಲಿಸುವವರು ಹೇಳುವ ಕ್ರಮವೇ ಬೇರೆ. ಮೊದಲು ದಡದಿಂದಲೇ ಕೋಲು, ಸೀರೆ, ಪಂಚೆ ಚಾಚಿ. ಎಟುಕದಿದ್ದರೆ ಹಗ್ಗ ಎಸೆಯಿರಿ, ಅಥವಾ ತೇಲುವ ವಸ್ತು ಎಸೆಯಿರಿ. ಮುಚ್ಚಳ ಬಿಗಿಯಾಗಿ ಹಾಕಿದ 20 ಲೀಟರಿನ ಖಾಲಿ ಕ್ಯಾನ್ ಹಿಡಿದುಕೊಂಡವರ ತಲೆ ನೀರಿನ ಮೇಲೆ ಉಳಿಯಲು ನೆರವಾಗುತ್ತದೆ. ಆಮೇಲೆ ದೋಣಿ. ನೀರಿಗಿಳಿಯುವುದು ಕಟ್ಟಕಡೆಗೆ, ಅದೂ ತರಬೇತಿ ಪಡೆದವರು ಮಾತ್ರ.

*‘ದೋಣಿಯಲ್ಲಿ ಎಲ್ಲರೂ ಸಲಹೆ ಕೊಡಬಹುದು.’* ದಡದಲ್ಲಿ ಕೊಡಬಹುದು. ನೀರಿಗಿಳಿದ ಮೇಲೆ ಮಾತು ಒಬ್ಬರದೇ ನಡೆಯಬೇಕು. ವಯಸ್ಸಿನಲ್ಲಿ ಹಿರಿಯರಿರಲಿ, ಊರಿನ ಮುಖಂಡರಿರಲಿ, ಹುಟ್ಟು ಹಿಡಿದವರು ‘ಕೂತ್ಕೊಳಿ’ ಎಂದರೆ ಕೂರಬೇಕು. ‘ಇವತ್ತು ಆಗಲ್ಲ’ ಎಂದರೆ ಒಪ್ಪಬೇಕು. ಅವರನ್ನು ಹೇಡಿ ಎಂದು ಹಂಗಿಸಿ ನೀರಿಗಿಳಿಸುವುದು ಎಲ್ಲಕ್ಕಿಂತ ದೊಡ್ಡ ತಪ್ಪು.

ಕೇರಳದಲ್ಲಿ ಆದದ್ದೇನು?

2018ರ ಆಗಸ್ಟ್‌ನ ಕೇರಳದ ಮಹಾಪ್ರವಾಹದಲ್ಲಿ ಕಡಲ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಗಳ ಮೇಲೆ ಹೇರಿಕೊಂಡು ಒಳನಾಡಿಗೆ ಬಂದರು. ಕೇರಳ ಸರ್ಕಾರದ ಲೆಕ್ಕದಂತೆ 669 ದೋಣಿಗಳಲ್ಲಿ 4,500ಕ್ಕೂ ಹೆಚ್ಚು ಮೀನುಗಾರರು ಸುಮಾರು 65,000 ಜನರನ್ನು ಕಾಪಾಡಿದರು. ‘ನೋಡಿ, ಸಾಮಾನ್ಯ ಜನರೇ ಮಾಡಿದರು’ ಎಂದು ಈ ಕಥೆಯನ್ನು ಹಂಚಿಕೊಳ್ಳುತ್ತೇವೆ. ನಿಜ. ಆದರೆ ಅರ್ಧ ನಿಜ.

ಆ ಮೀನುಗಾರರು ದಿನವೂ ಜೊತೆಯಾಗಿ ಅದೇ ದೋಣಿಯಲ್ಲಿ ಕಡಲಿಗೆ ಹೋಗುತ್ತಿದ್ದ ತಂಡಗಳು. ದೋಣಿ ನಡೆಸುವವರಾರು, ಜೊತೆಗೆ ಯಾರ ಕೆಲಸ ಏನು ಎಂಬುದು ಮೊದಲೇ ನಿಶ್ಚಯವಾಗಿತ್ತು. ಅವರಿಗೆ ಗೊತ್ತಿಲ್ಲದಿದ್ದುದು ಮುಳುಗಿದ ಊರಿನ ಬೀದಿಗಳು. ಆ ದಾರಿಯನ್ನು ತೋರಿಸಿದವರು ಸ್ಥಳೀಯರು. ದೋಣಿ ಬಲ್ಲವರಿಗೆ ಊರು ಬಲ್ಲವರು ಜೊತೆಯಾದರು. ಸರಿಯಾದ ಜೋಡಿ ಎಂದರೆ ಇದು.

ನಮ್ಮಲ್ಲೂ ಇದೇ ಆಗಬೇಕು. ಅಗ್ನಿಶಾಮಕ ದಳದವರು, ಎನ್‌ಡಿಆರ್‌ಎಫ್‌ನವರು ದೋಣಿ ತರುತ್ತಾರೆ. ಯಾವ ಬೀದಿಯ ಯಾವ ಮನೆಯಲ್ಲಿ ಮಂಚ ಬಿಟ್ಟು ಏಳಲಾಗದ ಅಜ್ಜಿ ಇದ್ದಾರೆ, ಹಳೆಯ ಬಾವಿ ಎಲ್ಲಿದೆ, ಯಾವ ಗೋಡೆ ಮಣ್ಣಿನದು ಎಂಬುದು ಊರಿನವರಿಗೆ ಮಾತ್ರ ಗೊತ್ತು. ಈಜು ಬಾರದವರೂ ಈ ಮಾಹಿತಿ ಕೊಡಬಲ್ಲರು. ಎಷ್ಟೋ ಸಲ ಅದೇ ದೊಡ್ಡ ನೆರವು.

ಹಾಗಾದರೆ ಏನು ಮಾಡಬೇಕು?

ಮಳೆಗಾಲಕ್ಕೆ ಮೊದಲೇ ಹೊಳೆ ದಂಡೆಯ ಪ್ರತಿ ಊರಿನಲ್ಲೂ ಒಂದು ಪಟ್ಟಿ ಮಾಡಿ ಗ್ರಾಮ ಪಂಚಾಯಿತಿಯಲ್ಲಿ ಇಡಬಹುದು. ಯಾರ ಬಳಿ ತೆಪ್ಪ ಅಥವಾ ದೋಣಿ ಇದೆ, ಅದರಲ್ಲಿ ಎಷ್ಟು ಜನ ಕೂರಬಹುದು, ನಡೆಸಬಲ್ಲವರು ಯಾರು, ಅವರೊಂದಿಗೆ ಕೆಲಸ ಮಾಡಿ ಅಭ್ಯಾಸ ಇರುವವರು ಯಾರು, ಲೈಫ್ ಜಾಕೆಟ್ ಎಷ್ಟಿವೆ. ಜೊತೆಗೆ ಮೊದಲು ಸ್ಥಳಾಂತರಿಸಬೇಕಾದ ಮನೆಗಳ ಪಟ್ಟಿ. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ‘ಆಪದ ಮಿತ್ರ’ ಯೋಜನೆ 2016ರಲ್ಲಿ ಶುರುವಾದದ್ದು ಇದೇ ಉದ್ದೇಶದಿಂದ: ಆಪತ್ತಿಗೆ ಮೊದಲೇ ಸ್ಥಳೀಯರಿಗೆ ತರಬೇತಿ ಕೊಟ್ಟು ಸಿದ್ಧವಾಗಿಡುವುದು.

ಇನ್ನು ಫಾರ್ವರ್ಡ್ ವಿಷಯ. ಕಳಿಸುವ ಮುನ್ನ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ:

1. ದಿನಾಂಕ, ಸಮಯ, ಊರು ಇದೆಯೇ? ಇಲ್ಲದಿದ್ದರೆ ಅದು ಹೋದ ವರ್ಷದ್ದೂ ಆಗಿರಬಹುದು, ಬೇರೆ ರಾಜ್ಯದ್ದೂ ಆಗಿರಬಹುದು.
2. ಕೊಟ್ಟಿರುವ ನಂಬರಿಗೆ ನೀವೇ ಕರೆ ಮಾಡಿದಿರಾ? ಈಗಲೂ ನೆರವು ಬೇಕಿದೆಯೇ?
3. ಹೊಣೆ ಹೊತ್ತವರು ಯಾರು? ತಾಲ್ಲೂಕು ಆಡಳಿತಕ್ಕೆ ಅಥವಾ ಪೊಲೀಸರಿಗೆ ತಿಳಿದಿದೆಯೇ?
4. ಕೇಳುತ್ತಿರುವುದು ಏನನ್ನು? ಬರೀ ‘ಜನ ಬೇಕು’ ಎಂದಿದೆಯೇ, ಅಥವಾ ಇಂಥ ಕೆಲಸ ಬಲ್ಲ ಇಷ್ಟು ಜನ ಎಂದಿದೆಯೇ?

ಸಂದೇಶದ ಮೇಲೆ ಜೋಡಿ ಬಾಣದ ಗುರುತು ಇದ್ದರೆ ಅದು ಹಲವು ಸಲ ಫಾರ್ವರ್ಡ್ ಆಗಿ ಬಂದದ್ದು ಎಂದರ್ಥ. ಮೊದಲು ಬರೆದವರಿಗೂ ನಿಮಗೂ ನಡುವೆ ಎಷ್ಟು ದಿನ ಕಳೆದಿದೆಯೋ ಯಾರು ಬಲ್ಲರು. ಕೆಲಸ ಮುಗಿದ ಮೇಲೆ ‘ನೆರವು ಸಿಕ್ಕಿದೆ, ಇನ್ನು ಕಳಿಸಬೇಡಿ’ ಎಂಬ ಸಂದೇಶವನ್ನೂ ಅದೇ ಗುಂಪುಗಳಿಗೆ ಹಾಕಿ. ಇದನ್ನು ನಾವು ಬಹುತೇಕ ಮರೆತೇಬಿಡುತ್ತೇವೆ.

ಪ್ರಾಣಾಪಾಯ ಇದ್ದಾಗ ಗ್ರೂಪ್‌ಗೆ ಹಾಕುವ ಮೊದಲು 112ಕ್ಕೆ ಕರೆ ಮಾಡಿ. ಜಿಲ್ಲಾ ವಿಪತ್ತು ಸಹಾಯವಾಣಿ 1077. ಊರು, ಬೀದಿ, ಸಿಕ್ಕಿಕೊಂಡವರ ಸಂಖ್ಯೆ, ಅವರಲ್ಲಿ ಕಾಯಿಲೆಯವರು, ಮಕ್ಕಳು ಇದ್ದಾರೆಯೇ ಎಂಬುದನ್ನು ನಿಧಾನವಾಗಿ ಹೇಳಿ.

ಮುಂದಿನ ಸಲ ‘ದೋಣಿ ಇದೆ, ಜನ ಬೇಕು’ ಎಂಬ ಸಂದೇಶ ಬಂದಾಗ ಒಂದು ನಿಮಿಷ ತಡೆಯಿರಿ. ಹುಟ್ಟು ಯಾರ ಕೈಯಲ್ಲಿದೆ, ಅವರ ಜೊತೆ ಹತ್ತುವವರು ಯಾರು ಎಂದು ಕೇಳಿ. ಉತ್ತರ ಸಿಕ್ಕರೆ ಕಳಿಸಿ. ಸಿಗದಿದ್ದರೆ ಆ ಫಾರ್ವರ್ಡ್ ನೋಡಿ ನೀರಿಗಿಳಿಯುವ ಹುಡುಗ ನಿಮ್ಮ ಮನೆಯವನೇ ಆಗಿರಬಹುದು ಎಂಬುದನ್ನು ನೆನಪಿಡಿ.