ದರೋಡೆಕೋರನೆಂಬ ಬಿರುದು ಕೊಡುವವರಾರು?

ಯುದ್ಧದ ನೆಪದಲ್ಲಿ ಪರದೇಶದ ಸೇನೆಯೊಂದು ಒಂದು ನಾಡಿಗೆ ನುಗ್ಗಿದಾಗ ಅದರ ವರದಿಗಳಲ್ಲಿ ಎರಡು ಪದಗಳು ತಪ್ಪದೆ ಕಾಣಿಸಿಕೊಳ್ಳುತ್ತವೆ: ದರೋಡೆ ಮತ್ತು ಬುಡಕಟ್ಟು ದಂಗೆ. ಇವುಗಳನ್ನು ಓದಿದ ಜಗತ್ತು, ಆ ನಾಡಿನ ಜನರು ಸ್ವಭಾವತಃ ಅನಾಗರಿಕರೆಂದೂ ಅವರನ್ನು ಹದ್ದುಬಸ್ತಿನಲ್ಲಿಡಲು ಹೊರಗಿನ ಸೇನೆ ಇರಲೇಬೇಕೆಂದೂ ನಂಬಿಬಿಡುತ್ತದೆ. ಇದಕ್ಕೆ ಪ್ರತಿಯಾಗಿ ನಮ್ಮ ಸಮುದಾಯದ ಕೆಲವರಲ್ಲಿ ಇನ್ನೊಂದು ನಂಬಿಕೆಯಿದೆ. ಪರಕೀಯರ ಎದುರು ಬಂದೂಕು ಹಿಡಿದವರೆಲ್ಲರೂ ಸ್ವಾತಂತ್ರ್ಯ ಯೋಧರೇ ಎಂಬುದು. ಇವೆರಡೂ ಅರ್ಧ ಸತ್ಯಗಳು. ಎರಡನೇ ಮಹಾಯುದ್ಧದ ಕಾಲದಲ್ಲಿ ಇರಾನಿನ ದಕ್ಷಿಣಕ್ಕಿರುವ ಫಾರ್ಸ್ ಪ್ರಾಂತ್ಯದಲ್ಲಿ ನಡೆದ ಘಟನೆಗಳನ್ನು ಅವಲೋಕಿಸಿದರೆ ಇದು ಮನದಟ್ಟಾಗುತ್ತದೆ.

1941ರ ಆಗಸ್ಟ್ 25ರಂದು ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟದ ಸೇನೆಗಳು ಏಕಕಾಲದಲ್ಲಿ ಇರಾನಿನ ಮೇಲೆ ದಾಳಿ ಮಾಡಿದವು. ಇರಾನ್ ಯುದ್ಧದಲ್ಲಿ ತಾನು ತಟಸ್ಥವೆಂದು ಘೋಷಿಸಿಕೊಂಡಿತ್ತು. ಆ ದೇಶದಲ್ಲಿ ಜರ್ಮನರಿದ್ದಾರೆ ಎಂಬುದು ದಾಳಿಗೆ ಕೊಟ್ಟ ಕಾರಣ. ಆದರೆ ಅಬಾದಾನಿನ ತೈಲವನ್ನು ರಕ್ಷಿಸಿಕೊಳ್ಳುವುದು ಮತ್ತು ರಷ್ಯಾಕ್ಕೆ ಯುದ್ಧ ಸಾಮಗ್ರಿ ಸಾಗಿಸಲು ಮಾರ್ಗವೊಂದನ್ನು ತೆರೆಯುವುದು ಅದರ ಮುಖ್ಯ ಉದ್ದೇಶಗಳಾಗಿದ್ದವು. ಬ್ರಿಟನ್ನಿನ ಪರವಾಗಿ ಗಡಿ ದಾಟಿದವರಲ್ಲಿ ಭಾರತೀಯ ಸೇನೆಯ 8 ಮತ್ತು 10ನೇ ಡಿವಿಜನ್‍ಗಳ ಸೈನಿಕರಿದ್ದರು ಎಂಬುದನ್ನು ನಾವು ಮರೆಯಬಾರದು. ಸ್ವತಃ ಗುಲಾಮಗಿರಿಯಲ್ಲಿದ್ದ ಜನರ ಮಕ್ಕಳನ್ನು ಇನ್ನೊಂದು ನಾಡನ್ನು ಗುಲಾಮಗಿರಿಗೆ ತಳ್ಳಲು ಬಳಸಲಾಯಿತು. ಇರಾನಿನ ಪ್ರತಿರೋಧ ಕೆಲವೇ ದಿನಗಳಲ್ಲಿ ಕುಸಿಯಿತು. ಸೆಪ್ಟೆಂಬರ್ 16ರಂದು ರೆಝಾ ಷಾ ಸಿಂಹಾಸನ ತ್ಯಜಿಸಿದನು. ಗಡೀಪಾರಾದ ಅವನನ್ನು ಹೊತ್ತ ಹಡಗು ಮುಂಬೈವರೆಗೆ ಬಂದರೂ ಅವನಿಗೆ ಅಲ್ಲಿ ಕಾಲಿಡಲು ಅನುಮತಿ ಸಿಗಲಿಲ್ಲ. ಅವನನ್ನು ಮಾರಿಷಸ್‍ಗೆ ಕಳುಹಿಸಲಾಯಿತು. 1944ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಅವನು ಮೃತಪಟ್ಟನು.

ಷಾನ ಸೇನೆ ಚದುರಿದೊಡನೆ ಸೈನಿಕರು ಬಿಟ್ಟು ಓಡಿದ ಬಂದೂಕುಗಳು ಬುಡಕಟ್ಟುಗಳ ಕೈ ಸೇರಿದವು. ಹೆದ್ದಾರಿಗಳಲ್ಲಿ ಲೂಟಿ ಹೆಚ್ಚಿತು. 'ನೋಡಿ, ಬಿಗಿ ಆಡಳಿತ ಸಡಿಲವಾದೊಡನೆ ಇವರು ತಮ್ಮ ಮೂಲ ಗುಣಕ್ಕೆ ಮರಳಿದರು' ಎಂದು ತೆಹರಾನಿನ ಅಧಿಕಾರಿಗಳೂ ವಿದೇಶಿ ರಾಯಭಾರಿಗಳೂ ಒಂದೇ ಸ್ವರದಲ್ಲಿ ಹೇಳತೊಡಗಿದರು. ಈ 'ಮೂಲ ಗುಣ'ದ ಹಿಂದಿನ ಕಥೆಯನ್ನು ಮಾತ್ರ ಯಾರೂ ಹೇಳಲಿಲ್ಲ.

ಫಾರ್ಸ್‌ನ ಪ್ರಬಲ ಬುಡಕಟ್ಟು ಒಕ್ಕೂಟ ಕಶ್ಕಾಯಿಗಳದ್ದು. ತುರ್ಕಿ ಭಾಷೆಯನ್ನಾಡುವ ಇವರು ಚಳಿಗಾಲವನ್ನು ಕೊಲ್ಲಿ ತೀರದತ್ತಣ ಬೆಚ್ಚನೆಯ ಬಯಲುಗಳಲ್ಲೂ ಬೇಸಿಗೆಯನ್ನು ಇಸ್ಫಹಾನಿನ ದಿಕ್ಕಿನ ಎತ್ತರದ ಹುಲ್ಲುಗಾವಲುಗಳಲ್ಲೂ ಕಳೆಯುತ್ತಾ, ಕುರಿಮಂದೆಗಳೊಂದಿಗೆ ಸಂಚರಿಸುತ್ತಾ ಬದುಕಿದವರು. ರೆಝಾ ಷಾನ ಕಣ್ಣಿಗೆ ಈ ಸಂಚಾರವೇ ಹಿಂದುಳಿದಿರುವಿಕೆಯ ಗುರುತಾಗಿತ್ತು. 1930ರ ದಶಕದಲ್ಲಿ ಅವನು ಅವರ ಶಸ್ತ್ರಗಳನ್ನು ಕಸಿದುಕೊಂಡನು, ವಲಸೆಯ ದಾರಿಗಳನ್ನು ಸೇನೆಯಿಂದ ತಡೆಸಿದನು, ಒಂದೆಡೆ ಮನೆ ಕಟ್ಟಿ ನೆಲೆಸುವಂತೆ ಬಲವಂತಪಡಿಸಿದನು. ಬೇಸಿಗೆಯ ಬಿಸಿಲಿನಲ್ಲಿ ಕೆಳ ಬಯಲುಗಳಲ್ಲೇ ಉಳಿಯಬೇಕಾಗಿ ಬಂದ ಮಂದೆಗಳು ಸಾಲುಸಾಲಾಗಿ ಸತ್ತವು. ರೋಗಗಳು ಜನರನ್ನೂ ಬಿಡಲಿಲ್ಲ. ಕಶ್ಕಾಯಿಗಳ ನಾಯಕ ಸೌಲತುದ್ದೌಲ 1933ರಲ್ಲಿ ತೆಹರಾನಿನ ಬಂಧನದಲ್ಲೇ ಪ್ರಾಣ ಬಿಟ್ಟನು. 1941ರಲ್ಲಿ ಅವನ ಮಕ್ಕಳಾದ ನಾಸಿರ್ ಖಾನ್ ಮತ್ತು ಖುಸ್ರೋ ಖಾನ್ ಫಾರ್ಸ್‌ಗೆ ಮರಳಿದಾಗ ಜನರು ಬಲವಂತದ ವಸತಿಗಳನ್ನು ತೊರೆದು ತಮ್ಮ ಹಳೆಯ ಹಾದಿ ಹಿಡಿದರು. ಕಾನೂನಿನ ಹೆಸರಿನಲ್ಲಿ ಒಂದು ಜನಾಂಗದ ಜೀವನೋಪಾಯವನ್ನೇ ಕಿತ್ತುಕೊಂಡರೆ ಆ ಕಾನೂನನ್ನು ಅದು ಗೌರವಿಸಬೇಕೆಂದು ನಿರೀಕ್ಷಿಸುವುದು ಹೇಗೆ?

ಇದಕ್ಕೆ ಹಸಿವು ಸೇರಿಕೊಂಡಿತು. ಆಕ್ರಮಣದ ನಂತರ ಇರಾನಿನ ರಿಯಾಲ್ ತನ್ನ ಮೌಲ್ಯದ ಅರ್ಧದಷ್ಟನ್ನು ಕಳೆದುಕೊಂಡಿತು. ವಿದೇಶಿ ಸೇನೆಗಳ ವೆಚ್ಚಕ್ಕಾಗಿ ನೋಟುಗಳನ್ನು ಮುದ್ರಿಸಲಾಯಿತು. 1938ರಲ್ಲಿ ಪೂರ್ಣಗೊಂಡಿದ್ದ ರೈಲು ಮಾರ್ಗವೂ ದೇಶದ ಲಾರಿಗಳೂ ಯುದ್ಧ ಸಾಮಗ್ರಿ ಸಾಗಾಟಕ್ಕೆ ಮೀಸಲಾದವು. ಧಾನ್ಯ ಒಂದೆಡೆಯಿಂದ ಇನ್ನೊಂದೆಡೆಗೆ ಸಾಗದಾಯಿತು. ದಾಸ್ತಾನುಗಾರರು ಕೊಬ್ಬಿದರು. 1942ರ ಡಿಸೆಂಬರ್‌ನಲ್ಲಿ ರಾಜಧಾನಿ ತೆಹರಾನಿನಲ್ಲೇ ರೊಟ್ಟಿಗಾಗಿ ದಂಗೆ ನಡೆದು ಪ್ರಧಾನಿಯ ಮನೆಗೆ ಬೆಂಕಿ ಬಿತ್ತು. ಮರುವರ್ಷ ಟೈಫಸ್ ಜ್ವರ ಹಬ್ಬಿತು. ಆದರೆ 1942ರ ಜನವರಿ 29ರಂದು ಸಹಿ ಹಾಕಲಾದ ತ್ರಿಪಕ್ಷೀಯ ಒಪ್ಪಂದದಲ್ಲಿ, ಈ ಸೇನೆಗಳ ಉಪಸ್ಥಿತಿಯು 'ಮಿಲಿಟರಿ ಆಕ್ರಮಣವಲ್ಲ' ಎಂದು ಬರೆಯಲಾಗಿತ್ತು! ದೇಶವೊಂದರ ರೈಲು, ರಸ್ತೆ, ಬಂದರುಗಳನ್ನು ವಶಪಡಿಸಿಕೊಂಡದ್ದಕ್ಕೆ ಕಾಗದದ ಮೇಲೆ ಸಭ್ಯವಾದ ಹೆಸರು ದೊರೆಯಿತು. ಹಸಿದ ಹಳ್ಳಿಗನು ದಾರಿಯಲ್ಲಿ ಗೋಧಿಯ ಮೂಟೆಯೊಂದನ್ನು ಕಿತ್ತುಕೊಂಡರೆ ಅದು ದರೋಡೆಯೆನಿಸಿತು.

ಅಷ್ಟಕ್ಕೂ ಇರಾನಿನ ಹೆದ್ದಾರಿಗಳ 'ಭದ್ರತೆ' ಬ್ರಿಟನ್ನಿಗೆ ಹೊಸ ನೆಪವಾಗಿರಲಿಲ್ಲ. ಬಂದರು ನಗರ ಬೂಶಹರ್‌ನಿಂದ ಶೀರಾಝ್‍ಗೆ ಹೋಗುವ ದಾರಿಯಲ್ಲಿ ಬುಡಕಟ್ಟು ನಾಯಕರು ವರ್ತಕರ ಸಾರ್ಥಗಳಿಂದ 'ರಾಹದಾರಿ' ಎಂಬ ಸುಂಕ ವಸೂಲು ಮಾಡಿ ಕಾವಲು ಒದಗಿಸುವ ಪದ್ಧತಿ ಹಿಂದಿನಿಂದಲೂ ಇತ್ತು. ಸರಕಾರ ಒಪ್ಪಿದರೆ ಅದು ಕಾವಲು, ಒಪ್ಪದಿದ್ದರೆ ಅದೇ ಲೂಟಿ. ಮೊದಲ ಮಹಾಯುದ್ಧದ ಕಾಲದಲ್ಲಿ, 1916ರಲ್ಲಿ, ಇದೇ ರಸ್ತೆಗಳ ಹೆಸರು ಹೇಳಿ ಪರ್ಸಿ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ 'ಸೌತ್ ಪರ್ಶಿಯಾ ರೈಫಲ್ಸ್' ಎಂಬ ಪಡೆಯನ್ನು ಕಟ್ಟಿದನು. 1918ರಲ್ಲಿ ಸೌಲತುದ್ದೌಲನ ಕಶ್ಕಾಯಿಗಳು ಶೀರಾಝ್‍ನ ಸುತ್ತ ಆ ಪಡೆಯೊಂದಿಗೆ ಸೆಣಸಿದರು. ಅಂದರೆ 1941ರಲ್ಲಿ ಬ್ರಿಟಿಷರು ಕಂಡದ್ದು ಹೊಸ ಕಳ್ಳರನ್ನಲ್ಲ, ತಮ್ಮ ಹಳೆಯ ಎದುರಾಳಿಯ ಮಕ್ಕಳನ್ನು.

ಇಷ್ಟನ್ನು ಹೇಳಿದ ಮೇಲೆ ನಾಣ್ಯದ ಇನ್ನೊಂದು ಮುಖವನ್ನೂ ನೋಡಬೇಕಾಗುತ್ತದೆ. ಹೆದ್ದಾರಿಯಲ್ಲಿ ಲೂಟಿಗೊಳಗಾದವರಲ್ಲಿ ಇರಾನಿನ ಹೇಸರಗತ್ತೆ ಹೊಡೆಯುವವರು, ಸಣ್ಣ ವ್ಯಾಪಾರಿಗಳು ಇದ್ದರು. ಬುಡಕಟ್ಟುಗಳ ದಾರಿಯಲ್ಲಿದ್ದ ಹಳ್ಳಿಗಳ ರೈತರು ಬೆಳೆ ಕಳೆದುಕೊಂಡರು. 1943ರ ಬೇಸಿಗೆಯಲ್ಲಿ ಕಶ್ಕಾಯಿಗಳು ಬೂಯರ್ ಅಹ್ಮದಿಗಳೊಡನೆ ಸೇರಿ ಸಮೀರೂಮ್‍ನಲ್ಲಿದ್ದ ಸರಕಾರಿ ಸೇನಾ ನೆಲೆಯನ್ನು ನಾಶಪಡಿಸಿದರು. ಅದರ ಕಮಾಂಡರ್ ಸಹಿತ ಅನೇಕರು ಹತರಾದರು. ಸತ್ತವರು ಬ್ರಿಟಿಷರಲ್ಲ, ಇರಾನಿನ ಸೈನಿಕರು. ಅಲ್ಲಿ 1925ರಿಂದ ಕಡ್ಡಾಯ ಸೇನಾ ಸೇವೆ ಜಾರಿಯಲ್ಲಿತ್ತು. ಆ ಸೇನೆಯ ಸಾಲುಗಳನ್ನು ತುಂಬುತ್ತಿದ್ದವರು ಬಹುತೇಕ ಬಡ ರೈತರ ಮಕ್ಕಳು. ಪರಕೀಯನ ಮೇಲಿನ ಕೋಪ ಸ್ವಂತ ನೆಲದ ಬಡವನ ಮೇಲೆ ಬಿದ್ದರೆ ಅದಕ್ಕೆ ವಿಮೋಚನೆಯ ಹೆಸರು ಕೊಡಲಾದೀತೇ?

ನಾಯಕರ ರಾಜಕೀಯವೂ ಪ್ರಶ್ನಾತೀತವಾಗಿರಲಿಲ್ಲ. ನಾಸಿರ್ ಖಾನ್ ಶುಲ್ಟ್ಸೆ-ಹೋಲ್ಟುಸ್ ಎಂಬ ಜರ್ಮನ್ ಗೂಢಚಾರನಿಗೆ ಆಶ್ರಯವಿತ್ತನು. ಯುದ್ಧದ ಗಾಳಿ ತಿರುಗಿದ ಮೇಲೆ, 1944ರಲ್ಲಿ, ಅವನನ್ನು ಬ್ರಿಟಿಷರಿಗೆ ಒಪ್ಪಿಸಲಾಯಿತು. ಒಬ್ಬ ಸಾಮ್ರಾಜ್ಯಶಾಹಿಯಿಂದ ಪಾರಾಗಲು ಇನ್ನೊಬ್ಬನನ್ನು ನೆಚ್ಚಿಕೊಳ್ಳುವ ಈ ನೀತಿಯಿಂದ ಕುರಿಗಾಹಿಗೆ ದೊರೆತದ್ದೇನು? ಇತ್ತ ಕಶ್ಕಾಯಿಗಳ ಎದುರು ಸಮತೋಲನಕ್ಕಾಗಿ 19ನೇ ಶತಮಾನದಲ್ಲೇ 'ಖಮ್ಸೆ' ಎಂಬ ಐದು ಬುಡಕಟ್ಟುಗಳ ಒಕ್ಕೂಟವನ್ನು ರಚಿಸಿ ಶೀರಾಝ್‍ನ ಕವಾಮ್ ಮನೆತನದ ಕೈಗೆ ಕೊಡಲಾಗಿತ್ತು. ಬ್ರಿಟಿಷರು ಈ ಮನೆತನವನ್ನು ತಮ್ಮ ಆಪ್ತ ಬಳಗಕ್ಕೆ ಸೇರಿಸಿಕೊಂಡರು. ನಮ್ಮೊಳಗಿನ ಬಿರುಕು ಪರಕೀಯನಿಗೆ ಹೆಬ್ಬಾಗಿಲಾಗುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

1946ರ ಮೇ ತಿಂಗಳ ಹೊತ್ತಿಗೆ ಬ್ರಿಟಿಷ್ ಮತ್ತು ಸೋವಿಯತ್ ಸೇನೆಗಳೆರಡೂ ಇರಾನನ್ನು ತೊರೆದಿದ್ದವು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಫಾರ್ಸ್ ಮತ್ತೆ ದಂಗೆಯೆದ್ದಿತು. ಬೂಶಹರ್ ಮತ್ತು ಕಾಝರೂನ್ ಬುಡಕಟ್ಟುಗಳ ವಶವಾದವು. ಸೇನೆಗಳು ಹೋದರೂ ಅವು ಬಿಟ್ಟುಹೋದ ಬಂದೂಕು, ಹಸಿವು ಮತ್ತು ಅವಿಶ್ವಾಸ ಅಲ್ಲೇ ಉಳಿದಿದ್ದವು.

ಇದು ಮುಗಿದ ಕಥೆಯೆಂದು ಭಾವಿಸುವವರು 2003ರ ಇರಾಕನ್ನು ನೆನಪಿಸಿಕೊಳ್ಳಲಿ. ಆ ವರ್ಷದ ಏಪ್ರಿಲ್‌ನಲ್ಲಿ ಅಮೆರಿಕದ ಸೈನಿಕರು ನಗರದಲ್ಲಿದ್ದಾಗಲೇ ಬಗ್ದಾದ್‍ನ ವಸ್ತು ಸಂಗ್ರಹಾಲಯ ಲೂಟಿಯಾಯಿತು. ಮೇ ತಿಂಗಳಲ್ಲಿ ಇರಾಕಿನ ಸೇನೆಯನ್ನು ವಿಸರ್ಜಿಸಿ ಲಕ್ಷಾಂತರ ಶಸ್ತ್ರಸಜ್ಜಿತರನ್ನು ನಿರುದ್ಯೋಗಿಗಳನ್ನಾಗಿ ಮಾಡಲಾಯಿತು. ನಂತರ ಇದೇ ದೇಶದ ಬುಡಕಟ್ಟುಗಳನ್ನು 'ಕ್ರೂರಿ'ಗಳೆಂದು ಚಿತ್ರಿಸಲಾಯಿತು. 2006ರ ಬಳಿಕ ಅವರಲ್ಲಿ ಅನೇಕರಿಗೆ ಸಂಬಳ ಕೊಟ್ಟು ಅಮೆರಿಕವೇ ಕಾವಲಿಗೆ ನಿಲ್ಲಿಸಿತು. ನಿನ್ನೆಯ ದರೋಡೆಕೋರ ಇಂದಿನ ಕಾವಲುಗಾರನಾದನು. ಬದಲಾದದ್ದು ಮನುಷ್ಯನಲ್ಲ, ಬಿರುದು ಕೊಡುವವನ ಅಗತ್ಯ.

ಆದ್ದರಿಂದ ಆಕ್ರಮಿತ ನಾಡೊಂದರಿಂದ 'ಬುಡಕಟ್ಟು ಹಿಂಸಾಚಾರ'ದ ಸುದ್ದಿ ಬಂದಾಗ ನಾವು ಕೆಲವು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಬೆಳೆಸಿಕೊಳ್ಳಬೇಕು. ಈ ಜನರ ಹೊಲ, ಹುಲ್ಲುಗಾವಲು, ಉದ್ಯೋಗಗಳನ್ನು ಮೊದಲು ಕಸಿದವರು ಯಾರು? ಅಲ್ಲಿನ ಧಾನ್ಯ ಎತ್ತ ಹೋಯಿತು? ಬಂದೂಕುಗಳು ಎಲ್ಲಿಂದ ಬಂದವು? ಅಷ್ಟೇ ಮುಖ್ಯವಾಗಿ, ಆ ಬಂದೂಕು ಯಾರತ್ತ ಗುರಿಯಿಟ್ಟಿದೆ? ಮೊದಲ ಮೂರನ್ನು ಕೇಳದವನು ಆಕ್ರಮಣಕಾರನ ವಕೀಲನಾಗುತ್ತಾನೆ. ಕೊನೆಯದನ್ನು ಕೇಳದವನು ಲೂಟಿಕೋರನ ವಕೀಲನಾಗುತ್ತಾನೆ. ನ್ಯಾಯದ ಪಕ್ಷದಲ್ಲಿ ನಿಲ್ಲಬಯಸುವ ಸಮುದಾಯವು ಇವೆರಡೂ ಆಗಬಾರದು. ಮನೆಗಳಲ್ಲಿ ಮಕ್ಕಳು ಸುದ್ದಿ ಓದಿ ಅಭಿಪ್ರಾಯ ರೂಪಿಸಿಕೊಳ್ಳುವ ಹೊತ್ತಿಗೆ ಈ ನಾಲ್ಕೂ ಪ್ರಶ್ನೆಗಳನ್ನು ಅವರಿಗೆ ಕಲಿಸಿಕೊಡುವುದು ಹೆತ್ತವರ ಹೊಣೆ.